ಹಕ್ಕಿ ಎಣಿಕೆಗೆ ಹಣ ಕೊಡುವವರು ಯಾರು, ಕೊಡಬೇಕಾದದ್ದು ಯಾವುದಕ್ಕೆ?

1991ರಿಂದ 93ರವರೆಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಉತ್ತರ ಮತ್ತು ಮಧ್ಯ ಭಾರತದ ರಸ್ತೆಗಳಲ್ಲಿ ವಾಹನದಲ್ಲಿ ನಿಧಾನಕ್ಕೆ ಸಾಗುತ್ತ, ಕಣ್ಣಿಗೆ ಬಿದ್ದ ಹದ್ದು, ಗಿಡುಗದಂಥ ಬೇಟೆಯಾಡುವ ಹಕ್ಕಿಗಳನ್ನೆಲ್ಲ ಎಣಿಸಿದರು. ರಣಹದ್ದುಗಳೂ ಆ ಲೆಕ್ಕದಲ್ಲಿ ಸೇರಿದವು. ಊರಾಚೆ ಸತ್ತ ದನ ಬಿದ್ದರೆ ಹಿಂಡುಹಿಂಡಾಗಿ ರಣಹದ್ದು ಇಳಿಯುತ್ತಿದ್ದ ಕಾಲ ಅದು. ಅವನ್ನು ಯಾಕೆ ಎಣಿಸುತ್ತೀರಿ ಎಂದು ಯಾರಾದರೂ ಕೇಳಿದ್ದರೆ ಹೇಳಲು ತುರ್ತಿನ ಕಾರಣವೇನೂ ಇರಲಿಲ್ಲ.

2000ದಲ್ಲಿ ಅದೇ ರಸ್ತೆಗಳಿಗೆ ಮತ್ತೆ ಹೋದರು. ಆಮೇಲೆ ಮತ್ತೆ, ಮತ್ತೆ. 2007ರ ಎಣಿಕೆಯನ್ನು ಹಳೆಯ ಲೆಕ್ಕದ ಪಕ್ಕದಲ್ಲಿಟ್ಟಾಗ ಬಿಳಿಬೆನ್ನಿನ ರಣಹದ್ದು ಶೇ 99.9ರಷ್ಟು ಇಲ್ಲವಾಗಿತ್ತು. ಸಾವಿರದಲ್ಲಿ ಒಂದು ಉಳಿದಿತ್ತು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವುನಿವಾರಕವೇ ಕಾರಣ ಎಂದು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಭಾರತ ಅದರ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಿತು. ರಣಹದ್ದು ಅಳಿದು ಹೋದ ಜಿಲ್ಲೆಗಳಲ್ಲಿ 2000ದಿಂದ 2005ರ ನಡುವೆ ಸುಮಾರು 5 ಲಕ್ಷ ಹೆಚ್ಚುವರಿ ಮನುಷ್ಯ ಸಾವುಗಳು ಆಗಿರಬಹುದು ಎಂದು ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಅಂದಾಜು ಮಾಡಿದರು. ತಿನ್ನಲು ರಣಹದ್ದಿಲ್ಲದೆ ಕೊಳೆಯುವ ದನದ ಹೆಣ, ಕೆಟ್ಟ ನೀರು, ಹೆಚ್ಚಿದ ಬೀದಿನಾಯಿ, ರೇಬೀಸ್ ಎಲ್ಲ ಸೇರಿದ ಲೆಕ್ಕ ಅದು.

ಕುಸಿತ ಇಷ್ಟು ಎಂದು ಅಂಕಿ ಇಟ್ಟು ಹೇಳಲು ಸಾಧ್ಯವಾದದ್ದು 1991ರಲ್ಲಿ ಯಾರೋ ಬರೆದಿಟ್ಟುಕೊಂಡಿದ್ದ ಲೆಕ್ಕದಿಂದ. ಅದಿಲ್ಲದಿದ್ದರೆ 'ಮುಂಚೆ ಬಹಳ ಇದ್ದವು, ಈಗ ಕಾಣುವುದಿಲ್ಲ' ಎಂಬ ಮಾತು ಉಳಿಯುತ್ತಿತ್ತು. ಹಾಗೆ ಹೇಳಿದರೆ ಯಾವ ಸರ್ಕಾರವೂ ಔಷಧ ಕಂಪನಿಗಳ ಎದುರು ನಿಲ್ಲುವುದಿಲ್ಲ.

ಹಕ್ಕಿ ಸಮೀಕ್ಷೆಗೆ ಸಾರ್ವಜನಿಕರ ಹಣ ಬೇಕು ಎಂಬ ಮಾತು ಈಚೆಗೆ ಆಗಾಗ ಕೇಳಿಬರುತ್ತಿದೆ. ಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಹಣ ಯಾವುದಕ್ಕೆ ಎಂಬ ಪ್ರಶ್ನೆಗೆ ನಾವು ಕೊಡುತ್ತಿರುವ ಉತ್ತರ ತಪ್ಪು ಎಂಬುದು ನನ್ನ ತಕರಾರು. ಒಂದು ದಿನದ ಹಬ್ಬಕ್ಕೆ, ಹೊಸ ಜಾಗದ ಮೊದಲ ಸಮೀಕ್ಷೆಗೆ, ಅಳಿವಿನಂಚಿನ ಚೆಲುವೆ ಹಕ್ಕಿಗೆ ದುಡ್ಡು ಹುಟ್ಟುತ್ತದೆ. ಅದೇ ಕೆರೆಗೆ, ಅದೇ ಹೊಲದ ಬದುವಿಗೆ, ಹತ್ತೊಂಬತ್ತನೇ ಸಲ ಹೋಗಿ ಅದೇ ಹಕ್ಕಿಗಳನ್ನು ಎಣಿಸಿಕೊಂಡು ಬರುವುದಕ್ಕೆ ಹುಟ್ಟುವುದಿಲ್ಲ. ಎಣಿಕೆಗೆ ಬೆಲೆ ಬರುವುದು ಮಾತ್ರ ಈ ಹತ್ತೊಂಬತ್ತನೇ ಸಲದಿಂದಲೇ.

ಹಿಂದೆ ಪ್ರಾಯೋಜಕರೆಂದರೆ ರಾಜರು. ಜರ್ಮನಿಯಲ್ಲಿ ಹಕ್ಕಿಶಾಸ್ತ್ರ ಕಲಿತು ಮರಳಿದ ಸಲೀಂ ಅಲಿಯವರಿಗೆ ಇಲ್ಲಿ ಕೆಲಸ ಸಿಗಲಿಲ್ಲ. ಸಂಬಳ ಬೇಡ, ಓಡಾಟದ ಮತ್ತು ಬಿಡಾರದ ಖರ್ಚು ಕೊಟ್ಟರೆ ಸಾಕು, ನಿಮ್ಮ ಸೀಮೆಯ ಹಕ್ಕಿಗಳ ಸಮೀಕ್ಷೆ ಮಾಡಿಕೊಡುತ್ತೇನೆ ಎಂಬುದು ಅವರು ದೇಶೀ ಸಂಸ್ಥಾನಗಳ ಮುಂದಿಟ್ಟ ಕರಾರು. ಹೈದರಾಬಾದ್ ಸಂಸ್ಥಾನ 1931-32ರಲ್ಲಿ ಒಪ್ಪಿತು, ತಿರುವಾಂಕೂರು ಮತ್ತು ಕೊಚ್ಚಿ 1933ರಲ್ಲಿ. ಮೈಸೂರಿನ ಸರದಿ 1939-40ರಲ್ಲಿ ಬಂತು. ಆ ಓಡಾಟದಲ್ಲೇ ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟುತ್ತಿದ್ದ ಹಕ್ಕಿಗಳತ್ತ ಅವರು ಸಂಸ್ಥಾನದ ಗಮನ ಸೆಳೆದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ರಾಜ್ಯದ ಬೊಕ್ಕಸದಿಂದ ಒಂದು ಸಮೀಕ್ಷೆಗೆ ಕೊಟ್ಟ ಹಣ ಇಷ್ಟು ಬೇಗ, ಇಷ್ಟು ನೇರವಾಗಿ ಫಲ ಕೊಟ್ಟ ಇನ್ನೊಂದು ಉದಾಹರಣೆ ನನಗೆ ನೆನಪಾಗುವುದಿಲ್ಲ.

ಆದರೂ ಆ ಸಮೀಕ್ಷೆಯ ಮಿತಿಯನ್ನು ಹೇಳಲೇಬೇಕು. ಯಾವ ಹಕ್ಕಿ ಎಲ್ಲಿದೆ, ಎಂಥ ಕಾಡಿನಲ್ಲಿದೆ, ಯಾವ ತಿಂಗಳಲ್ಲಿ ಮೊಟ್ಟೆಯಿಡುತ್ತದೆ ಎಂಬುದು ಅದರಲ್ಲಿ ಸಿಗುತ್ತದೆ. ಎಷ್ಟಿವೆ ಎಂಬುದು ಸಿಗುವುದಿಲ್ಲ. ಆ ಕಾಲದ ರೂಢಿಯಂತೆ ಹಕ್ಕಿ ಹೊಡೆದು ಚರ್ಮ ಸಂಗ್ರಹಿಸುವುದು, ಟಿಪ್ಪಣಿ ಬರೆಯುವುದು, ಇಷ್ಟೇ ಕೆಲಸ. ಇಷ್ಟು ಹೊತ್ತು ನಡೆದೆವು, ಇಷ್ಟು ದೂರದಲ್ಲಿ ಇಷ್ಟು ಹಕ್ಕಿ ಕಂಡವು ಎಂಬ ಲೆಕ್ಕವಿಲ್ಲದಿದ್ದರೆ ಎಂಬತ್ತು ವರ್ಷದ ನಂತರ ಅದೇ ಊರಿಗೆ ಹೋದವನು 'ಇದು ಈಗಲೂ ಇದೆ, ಅದು ಕಾಣಲಿಲ್ಲ' ಎನ್ನಬಹುದು, ಅಷ್ಟೇ. ಹೆಚ್ಚಿತೇ, ಅರ್ಧವಾಯಿತೇ ಎಂದು ಹೇಳಲಾರ.

ಮತ್ತೆ ಮತ್ತೆ ಎಣಿಸುವ ಪದ್ಧತಿ ಹೇಗೆ ನಿಲ್ಲುತ್ತದೆ ಎಂದು ನೋಡಲು ಬ್ರಿಟನ್ನಿಗೆ ಹೋಗಬೇಕು. ಅಲ್ಲಿ 1994ರಿಂದ ನಡೆಯುತ್ತಿರುವ ಬ್ರೀಡಿಂಗ್ ಬರ್ಡ್ ಸರ್ವೆಯಲ್ಲಿ ಇಡೀ ದೇಶವನ್ನು ಒಂದೊಂದು ಕಿಲೋಮೀಟರಿನ ಚೌಕಗಳಾಗಿ ಹೆಚ್ಚಿ, ಚೀಟಿ ಎತ್ತಿದಂತೆ ಕೆಲವನ್ನು ಆರಿಸುತ್ತಾರೆ. ಸ್ವಯಂಸೇವಕನಿಗೆ ಬಂದ ಚೌಕದಲ್ಲಿ ಸುಂದರ ಸರೋವರ ಇರಬಹುದು, ಬರೀ ಗೋಧಿ ಹೊಲವೋ ಬಡಾವಣೆಯೋ ಇರಬಹುದು. ವಸಂತದಲ್ಲಿ ಎರಡು ಬೆಳಗ್ಗೆ ಹೋಗಿ, ಗೊತ್ತುಪಡಿಸಿದ ಎರಡು ಸಾಲಿನಲ್ಲಿ ನಡೆದು ಎಣಿಸಬೇಕು. ಮುಂದಿನ ವರ್ಷವೂ ಅದೇ ಚೌಕ. ಹಕ್ಕಿ ಹೆಚ್ಚು ಸಿಗುವ ಕಡೆ ಹೋಗುತ್ತೇನೆ ಅನ್ನುವಂತಿಲ್ಲ. ಹಕ್ಕಿ ಹೆಚ್ಚಿರುವ ಕಡೆಗೇ ಎಲ್ಲರೂ ಹೋದರೆ ದೇಶದ ತುಂಬ ಹಕ್ಕಿ ಇವೆ ಎಂಬ ಸುಳ್ಳು ಲೆಕ್ಕ ಹುಟ್ಟುತ್ತದೆ.

ಇದರ ಖರ್ಚು ಹೊರುವವರು ಮೂವರು: ಸರ್ಕಾರಕ್ಕೆ ಪ್ರಕೃತಿ ಸಂರಕ್ಷಣೆಯ ಸಲಹೆ ಕೊಡುವ ಶಾಸನಬದ್ಧ ಸಂಸ್ಥೆ, ಸದಸ್ಯರ ಚಂದಾದಿಂದ ನಡೆಯುವ ಹಕ್ಕಿ ಸಂರಕ್ಷಣಾ ಸಂಘ ಆರ್‌ಎಸ್‌ಪಿಬಿ, ಮತ್ತು 1932ರಲ್ಲಿ ಹುಟ್ಟಿದ ಬ್ರಿಟಿಷ್ ಟ್ರಸ್ಟ್ ಫಾರ್ ಆರ್ನಿಥಾಲಜಿ, ಅಂದರೆ ಬಿಟಿಒ. ಎಣಿಸುವವರಿಗೆ ಸಂಬಳವಿಲ್ಲ. ಹಣವೆಲ್ಲ ಹೋಗುವುದು ಕಣ್ಣಿಗೆ ಕಾಣದ ಕೆಲಸಕ್ಕೆ: ಚೌಕ ಹಂಚುವವರು, ಬಂದ ಹಾಳೆಗಳನ್ನು ಪರಿಶೀಲಿಸುವವರು, ಅನುಮಾನದ ದಾಖಲೆ ಬಂದಾಗ ಫೋನು ಮಾಡಿ ಕೇಳುವವರು, ವರ್ಷದ ಕೊನೆಗೆ ಲೆಕ್ಕ ಕಟ್ಟುವವರು. ಅಲ್ಲಿನ ಹೊಲಗದ್ದೆಯ ಹಕ್ಕಿಗಳು 1970ರಿಂದ ಈಚೆಗೆ ಅರ್ಧಕ್ಕಿಂತ ಹೆಚ್ಚು ಕುಸಿದಿವೆ ಎಂದು ಸರ್ಕಾರವೇ ಅಧಿಕೃತ ಅಂಕಿಅಂಶವಾಗಿ ಪ್ರಕಟಿಸುತ್ತದೆ. ಸರ್ಕಾರಕ್ಕೆ ಇರುಸುಮುರುಸಾಗುವ ಸಂಖ್ಯೆಯನ್ನು ಸರ್ಕಾರದ ಕೈಯಲ್ಲೇ ಹೇಳಿಸುವುದು ಸಣ್ಣ ಸಾಧನೆಯಲ್ಲ.

ಅದೇ ಬಿಟಿಒ 2011ರಿಂದ ಕೋಗಿಲೆ ಜಾತಿಯ ಕುಕ್ಕೂ ಹಕ್ಕಿಗಳಿಗೆ ಉಪಗ್ರಹ ಟ್ಯಾಗ್ ಕಟ್ಟಿ, ಪ್ರತಿ ಹಕ್ಕಿಗೂ ಹೆಸರಿಟ್ಟು, ಜನ ಅವಕ್ಕೆ ಪ್ರಾಯೋಜಕರಾಗಬಹುದು ಎಂದಿತು. ತನ್ನ ಹಕ್ಕಿ ಸಹಾರಾ ದಾಟಿತೇ, ಕಾಂಗೋ ಕಾಡು ಮುಟ್ಟಿತೇ ಎಂದು ಮನೆಯಲ್ಲಿ ಕೂತು ನೋಡಬಹುದು. ಜನ ಕೊಟ್ಟರು. ಹೆಸರು, ಪ್ರಯಾಣ, ಅಪಾಯ ಮೂರೂ ಇದ್ದರೆ ಯಾರು ಕೊಡುವುದಿಲ್ಲ! ಆದರೆ ಗೋಧಿ ಹೊಲದ ಮಧ್ಯದ ಚೌಕಕ್ಕೆ ಹೆಸರಿಲ್ಲ. 'ಈ ವರ್ಷವೂ ಗುಬ್ಬಿಯಷ್ಟೇ ಸಾಮಾನ್ಯವಾದ ಹಕ್ಕಿ ಹದಿನಾಲ್ಕು ಸಿಕ್ಕವು' ಎಂಬ ವರದಿಗೆ ಕಣ್ಣು ತುಂಬಿ ಬಂದು ಯಾರೂ ಚೆಕ್ ಬರೆಯುವುದಿಲ್ಲ. ಕಥೆಯ ಆಸೆಗೆ ಬಂದ ಹಣದಲ್ಲಿ ಒಂದು ಪಾಲನ್ನು ಕಥೆಯಿಲ್ಲದ ಎಣಿಕೆಗೆ ತಿರುಗಿಸುವ ಜಾಣತನ ಸಂಸ್ಥೆಗೆ ಬೇಕಾಗುತ್ತದೆ.

ಅಮೆರಿಕದಲ್ಲಿ ಇನ್ನೊಂದು ದಾರಿ. 1900ರಲ್ಲಿ 27 ಜನರಿಂದ ಶುರುವಾದ ಕ್ರಿಸ್‌ಮಸ್ ಹಕ್ಕಿ ಎಣಿಕೆಯಲ್ಲಿ ಬಹಳ ಕಾಲ ಎಣಿಸುವವನೇ 5 ಡಾಲರ್ ಶುಲ್ಕ ಕಟ್ಟುತ್ತಿದ್ದ. ಚಳಿಯಲ್ಲಿ ನಿಂತು ದುಡಿಯುವುದೂ ಅವನೇ, ದುಡ್ಡು ಕೊಡುವುದೂ ಅವನೇ! 2012ರಲ್ಲಿ ಆ ಶುಲ್ಕ ತೆಗೆದು ದೇಣಿಗೆ ಕೇಳುವ ಕ್ರಮಕ್ಕೆ ಬಂದರು. ಕೆನಡಾದಲ್ಲಿ 1976ರಿಂದ ನಡೆಯುತ್ತಿರುವ ಬರ್ಡಥಾನ್‌ನ ರೀತಿ ಬೇರೆ: ಒಂದು ದಿನದಲ್ಲಿ ಕಂಡ ಒಂದೊಂದು ಪ್ರಭೇದಕ್ಕೆ ಇಷ್ಟು ಎಂದು ನೆರೆಹೊರೆಯವರು, ಬಂಧುಗಳು ಮಾತು ಕೊಟ್ಟಿರುತ್ತಾರೆ. ಆ ದಿನದ ಪಟ್ಟಿಗೆ ವಿಜ್ಞಾನದಲ್ಲಿ ದೊಡ್ಡ ಬೆಲೆಯಿಲ್ಲ. ಆದರೆ ಬಂದ ಹಣ ವರ್ಷವಿಡೀ ನಡೆಯುವ ಎಣಿಕೆ, ಸಂಶೋಧನೆಗಳಿಗೆ ಹೋಗುತ್ತದೆ. ಗೌಜು ಒಂದು ದಿನದ್ದು, ಕೆಲಸ ವರ್ಷದ್ದು. ಈ ಜೋಡಣೆಯನ್ನು ನಮ್ಮವರು ಕಲಿಯಬಹುದು. ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಬ್ಯಾಂಕೊಂದರ ಪ್ರಾಯೋಜಕತ್ವದಲ್ಲಿ ಹಕ್ಕಿ ರೇಸ್‌ಗಳು, ಅಂದರೆ ಒಂದೇ ದಿನದಲ್ಲಿ ಹೆಚ್ಚು ಪ್ರಭೇದ ಕಾಣುವ ಪೈಪೋಟಿಗಳು ನಡೆದಿವೆ. ಟೀ ಶರ್ಟು, ಊಟ, ಬಹುಮಾನ ಚೆನ್ನಾಗಿಯೇ ಇರುತ್ತವೆ. ಮರುದಿನ ಬೆಳಗ್ಗೆ ಏನು ಎಂಬುದಕ್ಕೆ ಮಾತ್ರ ಉತ್ತರವಿಲ್ಲ.

ಈಗ ನಮ್ಮ ಲೆಕ್ಕಕ್ಕೆ ಬರೋಣ. 2023ರ ಆಗಸ್ಟಿನಲ್ಲಿ 13 ಸಂಸ್ಥೆಗಳು ಕೂಡಿ ಹೊರತಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಗೆ ಆಧಾರ 30 ಸಾವಿರಕ್ಕೂ ಹೆಚ್ಚು ಹವ್ಯಾಸಿಗಳು ಇ-ಬರ್ಡ್ ಜಾಲತಾಣದಲ್ಲಿ ದಾಖಲಿಸಿದ 3 ಕೋಟಿ ವೀಕ್ಷಣೆಗಳು. ಕಂಡ ಹಕ್ಕಿಗಳನ್ನೆಲ್ಲ ಬಿಡದೆ ಬರೆದ ಪಟ್ಟಿಗಳಲ್ಲಿ ನೂರಕ್ಕೆ ಎಷ್ಟರಲ್ಲಿ ಒಂದು ಪ್ರಭೇದ ಇದೆ, ಆ ಪ್ರಮಾಣ ವರ್ಷದಿಂದ ವರ್ಷಕ್ಕೆ ಏರಿತೇ ಇಳಿಯಿತೇ ಎಂದು ನೋಡುವುದು ಅದರ ಮೂಲ ಉಪಾಯ. 'ಬಿಡದೆ' ಎಂಬುದು ಮುಖ್ಯ. ಕಾಗೆ, ಮೈನಾ, ಪಾರಿವಾಳ ಬಿಟ್ಟು ಬರೀ ಅಪರೂಪದ್ದನ್ನು ಬರೆದರೆ ಆ ಪಟ್ಟಿ ಈ ಲೆಕ್ಕಕ್ಕೆ ಬಾರದು.

ವರದಿ 942 ಪ್ರಭೇದಗಳನ್ನು ಪರಿಶೀಲಿಸಿತು. ದೀರ್ಘಾವಧಿಯ ಏರಿಳಿತ ಹೇಳುವಷ್ಟು ಮಾಹಿತಿ ಸಿಕ್ಕಿದ್ದು 338ಕ್ಕೆ. ಅವುಗಳಲ್ಲಿ ಶೇ 60 ಇಳಿಮುಖ. ಪತ್ರಿಕೆಗಳು ಈ ಶೇ 60ನ್ನು ಹಿಡಿದವು, ಸಹಜವೇ. ನನಗೆ ಹೆಚ್ಚು ಕಾಡಿದ್ದು ಉಳಿದ 604. ಅವುಗಳ ದೀರ್ಘಾವಧಿಯ ಗತಿಯನ್ನು ಹೇಳಲು ಮಾಹಿತಿ ಸಾಲದು. ಹಕ್ಕಿ ಇಲ್ಲ ಎಂದಲ್ಲ. ಅವು ಇರುವ ಕಡೆ, ಅವು ಇರುವ ಕಾಲದಲ್ಲಿ, ಸಾಕಷ್ಟು ಸಲ ಯಾರೂ ಹೋಗಿಲ್ಲ.

ಯಾಕೆ ಹೋಗಿಲ್ಲ ಎಂದು ಕೇಳಿದರೆ ಮತ್ತೆ ಹಣದ ಮಾತೇ ಬರುತ್ತದೆ. ಇಂದು ಈ ದೇಶದ ಹಕ್ಕಿ ಎಣಿಕೆಯ ಅತಿ ದೊಡ್ಡ ಪ್ರಾಯೋಜಕ ಹವ್ಯಾಸಿಯ ಜೇಬು. ಬೈನಾಕ್ಯುಲರ್ ಅವನದು, ಪೆಟ್ರೋಲು ಅವನದು, ಭಾನುವಾರ ಅವನದು. ಹಾಗಾಗಿ ಪಟ್ಟಿಗಳು ಹುಟ್ಟುವುದೂ ಅವನ ಅನುಕೂಲ ಇದ್ದ ಕಡೆ. ಬೆಂಗಳೂರು, ಮೈಸೂರಿನ ಸುತ್ತ, ಮಲೆನಾಡಿನ ರೆಸಾರ್ಟುಗಳ ಹತ್ತಿರ ಪಟ್ಟಿಗಳ ಜಾತ್ರೆ. ಯಾದಗಿರಿ, ಕೊಪ್ಪಳ, ರಾಯಚೂರಿನ ಎರೆಹೊಲಗಳಲ್ಲಿ ವಿರಳ. ಬಯಲಿನ ಹಕ್ಕಿಗಳಿಗೆ ಇದು ದೊಡ್ಡ ಪೆಟ್ಟು, ಏಕೆಂದರೆ ದೇಶದಲ್ಲಿ ಹೆಚ್ಚು ಸೋಲುತ್ತಿರುವುದೇ ಹುಲ್ಲುಗಾವಲು, ಕುರುಚಲು, ಬಯಲುಗಳನ್ನು ನಂಬಿದ ಹಕ್ಕಿಗಳು. ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಒಂದು ಕಾಲಕ್ಕೆ ರಾಣೆಬೆನ್ನೂರಿನ ಬಯಲಲ್ಲೂ ಇತ್ತು. ಈಗ ರಾಜ್ಯದಲ್ಲಿ ಅದರ ಹೆಸರು ಹೇಳಿದರೆ ಬಳ್ಳಾರಿಯ ಸಿರುಗುಪ್ಪ ಸೀಮೆ ನೆನಪಾಗುತ್ತದೆ, ಅಲ್ಲೂ ಬೆರಳೆಣಿಕೆ.

ಹಣವಿದ್ದೂ ಲೆಕ್ಕ ನೋಡದೆ ಖರ್ಚು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಗುಬ್ಬಚ್ಚಿಯೇ ಸಾಕ್ಷಿ. ಪ್ರತಿ ಮಾರ್ಚ್ 20ರ ವಿಶ್ವ ಗುಬ್ಬಚ್ಚಿ ದಿನದಂದು ಕಂಪನಿಗಳು, ಶಾಲೆಗಳು ಮರದ ಗೂಡುಪೆಟ್ಟಿಗೆ ಹಂಚುತ್ತವೆ, ಫೋಟೊ ಬರುತ್ತದೆ. ದೊಡ್ಡ ನಗರಗಳಲ್ಲಿ ಗುಬ್ಬಚ್ಚಿ ಕಡಿಮೆಯಾಗಿದೆ ನಿಜ, ಆದರೆ ದೇಶದ ಒಟ್ಟಾರೆ ಲೆಕ್ಕದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದೆ ಎಂದು ಇದೇ ಸ್ಥಿತಿಗತಿ ವರದಿಯ 2020ರ ಆವೃತ್ತಿ ತೋರಿಸಿತು. ಅದೇ ಹೊತ್ತಿಗೆ ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ ಹನ್ನೆರಡು ವರ್ಷಗಳಲ್ಲಿ ಸುಮಾರು ಶೇ 30 ಇಳಿದಿದೆ ಎಂದು 2023ರ ವರದಿ ಹೇಳಿತು. ಕರೆಂಟು ತಂತಿಯ ಮೇಲೆ ಕೂತು ಹೊಲ ನೋಡುವ, ಹಾರಿದರೆ ರೆಕ್ಕೆಯಲ್ಲಿ ಎರಡು ನೀಲಿ ತೋರುವ ಹಕ್ಕಿ. ವಿಜಯದಶಮಿಯಂದು ಕಂಡರೆ ಶುಭ ಅನ್ನುತ್ತಾರೆ. ಅದು ಕಡಿಮೆಯಾಗುತ್ತಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ, ಏಕೆಂದರೆ ಅಲ್ಲೊಂದು ಇಲ್ಲೊಂದು ಈಗಲೂ ಕಾಣುತ್ತದೆ. ಹತ್ತಿದ್ದ ಕಡೆ ಏಳಾಗಿದ್ದು ಕಣ್ಣಿಗೆ ಬೀಳದು, ಪಟ್ಟಿಗೆ ಬೀಳುತ್ತದೆ.

ಕಂಪನಿಗಳ ಹಣದ ಮಾತು ಬಂತು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿಗದಿತ ಮಟ್ಟ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಅಂಥ ಕೆಲಸಗಳ ಪಟ್ಟಿಯಲ್ಲಿ ಸಸ್ಯ, ಪ್ರಾಣಿಗಳ ರಕ್ಷಣೆ ಇದೆ, ಆದ್ದರಿಂದ ಹಕ್ಕಿ ಎಣಿಕೆಗೂ ದಾರಿಯಿದೆ. ಆದರೆ ಈ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆ) ನಿಯಮದಲ್ಲಿ 'ಮುಂದುವರಿಯುವ ಯೋಜನೆ' ಎಂದರೆ ಶುರುವಾದ ವರ್ಷ ಬಿಟ್ಟು ಹೆಚ್ಚೆಂದರೆ ಮೂರು ವರ್ಷ. ಒಟ್ಟು ನಾಲ್ಕು. ಬರ ಬಂದ ವರ್ಷ ಕೆರೆ ಒಣಗುತ್ತದೆ, ಬಾತು ಬರುವುದಿಲ್ಲ. ಮಳೆ ಬಂದ ವರ್ಷ ತುಂಬುತ್ತದೆ, ಬರುತ್ತವೆ. ಈ ಏರಿಳಿತ ಯಾವುದು, ನಿಜವಾದ ಕುಸಿತ ಯಾವುದು ಎಂದು ಬೇರ್ಪಡಿಸುವ ಮುನ್ನವೇ ಯೋಜನೆ ಮುಗಿದು ವರದಿ ಬಿಡುಗಡೆಯಾಗಿರುತ್ತದೆ. ಯೋಜನೆಯನ್ನು ಹೊಸದಾಗಿ ಮಂಜೂರು ಮಾಡಿ ಮುಂದುವರಿಸಲು ಕಾನೂನಿನ ಅಡ್ಡಿಯಿಲ್ಲ, ಅಡ್ಡಿ ಉತ್ಸಾಹದ್ದು. ಕಂಪನಿಯಲ್ಲಿ ಅಧಿಕಾರಿ ಬದಲಾದರೆ ಹಕ್ಕಿ ಹೋಗಿ ಹಲ್ಲಿನ ತಪಾಸಣೆ ಶಿಬಿರ ಬರುತ್ತದೆ. ಮಳೆಮಾಪಕ ಓದುವ ಕೆಲಸವನ್ನು ನಾಲ್ಕು ವರ್ಷಕ್ಕೆ ನಿಲ್ಲಿಸೋಣ ಎಂದು ಯಾರೂ ಹೇಳುವುದಿಲ್ಲ, ಅದಕ್ಕೆ ಪ್ರಾಯೋಜಕರನ್ನೂ ಹುಡುಕುವುದಿಲ್ಲ.

ಕೊಡುವವನ ಹಿತವೂ ನೋಡಬೇಕಾದ ವಿಷಯ. ಪರಿಸರ ಪರಿಣಾಮ ಅಂದಾಜಿನ ವರದಿ ತಯಾರಿಸುವ ಸಲಹಾ ಸಂಸ್ಥೆಗೆ ಹಣ ಕೊಡುವುದು ಯೋಜನೆ ಕಟ್ಟಲು ಹೊರಟವನೇ. ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕು ಎಂಬ ಪದ್ಧತಿಯೂ ಇದೆ. ಏಪ್ರಿಲ್-ಮೇನಲ್ಲಿ ಕೆರೆಯಂಗಳಕ್ಕೆ ಹೋದವರಿಗೆ ಚಳಿಗಾಲದ ವಲಸೆ ಹಕ್ಕಿ ಒಂದೂ ಸಿಗದಿರಬಹುದು. ವರದಿಯಲ್ಲಿ ಸುಳ್ಳಿಲ್ಲ, ಆದರೂ ವರದಿ ಸುಳ್ಳು. ಆದ್ದರಿಂದ ಗಣಿ, ಗಾಳಿಯಂತ್ರ, ಬಂದರು ಕಂಪನಿಗಳ ಹಣವನ್ನು ಮುಟ್ಟಲೇಬಾರದು ಎಂದು ವಾದಿಸುವವರಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಎಲ್ಲಿ, ಯಾವಾಗ ಎಣಿಸಬೇಕು ಎಂಬ ತೀರ್ಮಾನ ಪ್ರಾಯೋಜಕನ ಕೈಗೆ ಹೋಗದಿದ್ದರೆ, ಎಣಿಸಿದ್ದೆಲ್ಲ ಅವನ ಒಪ್ಪಿಗೆ ಕೇಳದೆ ಬಹಿರಂಗವಾದರೆ, ಹಣಕ್ಕೆ ಮಡಿಮೈಲಿಗೆ ನೋಡುವ ಅಗತ್ಯವಿಲ್ಲ. ಗೂಡಿನ ಜಾಗ ಬಹಿರಂಗವಾದರೆ ಬೇಟೆಗಾರರಿಗೆ, ಕ್ಯಾಮೆರಾ ಹಿಡಿದು ಮುತ್ತುವವರಿಗೆ ಅನುಕೂಲವಾಗುವಂಥ ಪ್ರಭೇದಗಳದ್ದು ಬೇರೆ ಮಾತು, ಅವನ್ನು ಮುಚ್ಚಿಡಬೇಕು.

ಹಣ ಸಿಕ್ಕರೆ ನಾನಾದರೆ ಮೊದಲು ಮನುಷ್ಯರಿಗೆ ಕೊಡುತ್ತೇನೆ. ಜಿಲ್ಲೆಗೊಬ್ಬ ಸಂಯೋಜಕನಿಗೆ ಬದುಕಲು ಸಾಕಾಗುವ ಸಂಬಳ, ಲಿಂಗಸುಗೂರಿನ ಕಾಲೇಜು ಹುಡುಗಿಗೆ ಬಸ್ ಛಾರ್ಜು ಮತ್ತು ಬೈನಾಕ್ಯುಲರ್, ಬಂದ ಪಟ್ಟಿಗಳನ್ನು ತಿದ್ದುವವರಿಗೆ ಗೌರವಧನ. ಕೇರಳದವರು 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಹವ್ಯಾಸಿಗಳನ್ನು ಕೂಡಿಸಿ, ಇಡೀ ರಾಜ್ಯವನ್ನು ಚೌಕ ಹಾಕಿ, ವರ್ಷಕ್ಕೆ ಎರಡು ಋತುವಿನಲ್ಲಿ ಎಣಿಸಿ, ಯಾವ ಹಕ್ಕಿ ಎಲ್ಲೆಲ್ಲಿದೆ ಎಂದು ತೋರುವ ಪಕ್ಷಿ ಅಟ್ಲಾಸ್ ಮಾಡಿದರು. ಮೈಸೂರಿನ ಹವ್ಯಾಸಿಗಳೂ 2014-16ರಲ್ಲಿ ತಮ್ಮ ನಗರದ ಅಟ್ಲಾಸ್ ಮಾಡಿದ್ದಾರೆ. ಉತ್ಸಾಹಕ್ಕೆ ಕೊರತೆಯಿಲ್ಲ ಎಂಬುದಕ್ಕೆ ಇವೆರಡೇ ಸಾಕು. ಹತ್ತು ವರ್ಷ ಬಿಟ್ಟು ಅದೇ ಚೌಕಗಳಿಗೆ ಮರಳುವ ಖರ್ಚನ್ನು ಈಗಲೇ ಎತ್ತಿಡುವವರು ಬೇಕು.

ಮರಳಿ ಹೋಗುವುದರ ಬೆಲೆ ಕಾಗದದ ಮೇಲೂ ಕಾಣುತ್ತದೆ. ಜೌಗುಪ್ರದೇಶವೊಂದು ಹಕ್ಕಿಗಳ ಆಧಾರದ ಮೇಲೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಬೇಕಾದರೆ ಅಲ್ಲಿ 20 ಸಾವಿರ ನೀರುಹಕ್ಕಿ ಇರಬೇಕು, ಇಲ್ಲವೇ ಒಂದು ಪ್ರಭೇದದ ಸಂಖ್ಯೆಯ ಶೇ 1 ಇರಬೇಕು ಎಂಬ ಮಾನದಂಡಗಳಿವೆ. ಎರಡರಲ್ಲೂ 'ನಿಯಮಿತವಾಗಿ' ಎಂಬ ಷರತ್ತು ಅಂಟಿಕೊಂಡಿದೆ. ಒಂದು ವರ್ಷ ಹಿಂಡು ಬಂದಿತ್ತು ಎಂದರೆ ಸಾಲದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ ಎಂದು ಊರಿಗೆಲ್ಲ ಗೊತ್ತಿತ್ತು. ಆ ಕೆರೆ, ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರ, ಅಘನಾಶಿನಿ ಅಳಿವೆ ಮೂರೂ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದವು. 1987ರಿಂದ ಪ್ರತಿ ಜನವರಿ ನಡೆಯುತ್ತಿರುವ ಏಷ್ಯಾ ನೀರುಹಕ್ಕಿ ಗಣತಿಯಂಥ, ಹೆಚ್ಚಾಗಿ ಸ್ವಯಂಸೇವಕರೇ ನಡೆಸುವ ಎಣಿಕೆಗಳು ಇಂಥ ಕಡೆ ಪುರಾವೆಯಾಗುತ್ತವೆ.

ಹೊರದೇಶದ ಕನ್ನಡಿಗರಲ್ಲಿ ಹಲವರು ತಮ್ಮೂರ ಕೆರೆಗೆ ಏನಾದರೂ ಮಾಡಬೇಕು ಎನ್ನುತ್ತಾರೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ಬ್ಯಾಂಕಿನ ಮೂಲಕ ತಮ್ಮ ಸಂಪಾದನೆಯಿಂದ ಕಳಿಸಿದ ದೇಣಿಗೆ ವಿದೇಶಿ ಹಣ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರದ್ದು, ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಬೇಕು, ಸಣ್ಣ ಹಕ್ಕಿ ಬಳಗಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ.

ಸರ್ಕಾರದ ದುಡ್ಡಿಗೆ ಒಂದು ಬಾಗಿಲು ಆಗಲೇ ತೆರೆದಿದೆ, ಅದರತ್ತ ಯಾರೂ ನೋಡುತ್ತಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ, ಅಂದರೆ ಊರಿನ ಗಿಡಮರ, ಪ್ರಾಣಿಪಕ್ಷಿಗಳ ದಾಖಲೆ ಪುಸ್ತಕ ಸಿದ್ಧಪಡಿಸಬೇಕು. 2020ರ ಜನವರಿಯೊಳಗೆ ಮುಗಿಸದಿದ್ದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ಕೊಟ್ಟ ಮೇಲೆ ದೇಶದ ತುಂಬ ಅವಸರದಲ್ಲಿ ಪುಸ್ತಕಗಳು ತುಂಬಿದವು. ಅವುಗಳಲ್ಲಿ ಹಕ್ಕಿಗಳ ಪುಟವೂ ಇದೆ, ಹೆಚ್ಚಿನ ಕಡೆ ಹೆಸರುಗಳ ಪಟ್ಟಿಯಾಗಿ. ಆ ಪುಟಕ್ಕೆ ತಾರೀಖು, ಹೊತ್ತು, ಸಂಖ್ಯೆಯ ಮೂರು ಕಾಲಂ ಸೇರಿಸಿ, ಊರ ಕೆರೆಯ ಏರಿಯ ಮೇಲೆ ಪ್ರತಿ ಜನವರಿಯಲ್ಲಿ ಒಂದು ಬೆಳಗ್ಗೆ ನಡೆದು ತುಂಬಿಸಲು ಊರಿನ ಇಬ್ಬರಿಗೆ ದಿನಗೂಲಿ ಕೊಟ್ಟರೆ ಪಂಚಾಯಿತಿಗೆ ತಗಲುವ ಖರ್ಚು ಗ್ರಾಮಸಭೆಯ ಶಾಮಿಯಾನದ ಬಾಡಿಗೆಗಿಂತ ಕಡಿಮೆ.